ತಿರುವಿ ತೋರಸ್ರಿ

‘ಛಲೋ ಆಗೇದ’ ಅನ್ನುವುದು ಒಳ್ಳೆಯ ಮಾತು. ಆದರೆ ಅದು ವಿಮರ್ಶೆ ಅಲ್ಲ. ಯಾರೋ ಮೂರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಸೆರಗಿನ ತುಂಬ ತೇರು, ಗೋಪುರ, ನವಿಲು ಹೊಲಿದು ತಂದು ಮುಂದೆ ಹಾಸುತ್ತಾರೆ. ನಾವು ಅರ್ಧ ನಿಮಿಷ ನೋಡಿ ‘ಭಾಳ ಛಲೋ ಆಗೇದ್ರಿ’ ಅನ್ನುತ್ತೇವೆ. ಅವರು ‘ಹೌದೇನ್ರಿ’ ಅನ್ನುತ್ತಾರೆ. ಸೀರೆ ಮಡಿಚಿ ಒಳಗಿಡುತ್ತಾರೆ. ಅಲ್ಲಿಗೆ ಮುಗಿಯಿತು. ಮೂರು ತಿಂಗಳ ಕೆಲಸಕ್ಕೆ ಮೂರು ಶಬ್ದ. ಹೊಲಿದವರಿಗೆ ತಾನು ಎಲ್ಲಿ ಗೆದ್ದೆ, ಎಲ್ಲಿ ಸ್ವಲ್ಪ ಜಾರಿದೆ ಅನ್ನುವುದು ಗೊತ್ತಾಗಲಿಲ್ಲ. ನೋಡಿದವರಿಗೆ ಏನು ನೋಡಿದೆ ಅನ್ನುವುದೂ ಗೊತ್ತಾಗಲಿಲ್ಲ.

ಮನೆಯಲ್ಲಿ ಕೈಯಾರೆ ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ಅದೂ ಅದೇ ಕೆಲಸ ಮಾಡುವ ಇನ್ನೊಬ್ಬರಿಗೆ ತೋರಿಸುವುದು, ಬರೀ ಹೊಗಳಿಸಿಕೊಳ್ಳುವ ಆಸೆ ಅಂತ ನಾವು ತಿಳಿದಿದ್ದೇವೆ. ಆಸೆ ಇರುತ್ತದೆ, ಇಲ್ಲ ಅನ್ನಬೇಕಾಗಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಪಡಸಾಲೆಗಳಲ್ಲಿ, ಹಿತ್ತಲ ಕಟ್ಟೆಗಳಲ್ಲಿ ಈ ತೋರಿಸುವ-ನೋಡುವ ಕೆಲಸಕ್ಕೆ ಒಂದು ಪದ್ಧತಿ ಇತ್ತು. ನೋಡುವವರ ಕಣ್ಣಿಗೆ ತರಬೇತಿ ಇತ್ತು, ಹೇಳುವ ಮಾತಿಗೆ ಲೆಕ್ಕ ಇತ್ತು. ಆ ಮಾತುಗಾರಿಕೆಯನ್ನು ನಾನು ವಿಮರ್ಶೆ ಅಂತಲೇ ಕರೆಯುತ್ತೇನೆ. ಪುಸ್ತಕದ ವಿಮರ್ಶೆಗೆ ಎಷ್ಟು ಮರ್ಯಾದೆ ಕೊಡುತ್ತೇವೋ ಅಷ್ಟೇ ಮರ್ಯಾದೆ ಇದಕ್ಕೂ ಸಲ್ಲಬೇಕು ಅನ್ನುವುದು ನನ್ನ ವಾದ. ವಾದವನ್ನು ಕಸೂತಿಯಿಂದಲೇ ಶುರು ಮಾಡೋಣ.

ಕಸೂತಿ ಬಲ್ಲ ಹಿರಿಯ ಹೆಣ್ಣುಮಕ್ಕಳ ಕೈಗೆ ಒಂದು ಸೆರಗು ಕೊಟ್ಟು ನೋಡಿ. ಅವರು ಮೊದಲು ಬಟ್ಟೆಯನ್ನು ತಿರುವುತ್ತಾರೆ. ಮೇಲಿನ ಮಗ್ಗಲು ಆಮೇಲೆ. ‘ತಿರುವಿ ತೋರಸು’ ಅನ್ನುವ ಎರಡು ಶಬ್ದದಲ್ಲಿ ಅವರ ಇಡೀ ಸೌಂದರ್ಯಶಾಸ್ತ್ರ ಇದೆ. ಯಾಕೆ ಅಂತ ತಿಳಿಯಬೇಕಾದರೆ ಹೊಲಿಗೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಅಚ್ಚು ಇರುವುದಿಲ್ಲ. ಹಾಸು-ಹೊಕ್ಕಿನ ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಗಂಟು ಹಾಕುವ ಹಾಗಿಲ್ಲ. ನೂಲಿನ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು. ಗವಂತಿ ಅಂದರೆ ಹೀಗೆ: ಸೂಜಿ ನಾಲ್ಕು ಎಳೆ ಮೇಲೆ ಹೋಗುತ್ತದೆ, ನಾಲ್ಕು ಎಳೆ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ. ಗೆರೆ ಮುಗಿದಾಗ ಮೇಲಿನಿಂದ ನೋಡಿದರೆ ಒಂದು ಬಿಟ್ಟು ಒಂದು ಸಂದಿ ಕಾಣುತ್ತದೆ. ಈಗ ಸೂಜಿ ಹೊರಳಿ ಬಂದ ದಾರಿಯಲ್ಲೇ ವಾಪಸು ನಡೆಯುತ್ತದೆ. ಹೋಗುವಾಗ ಬಿಟ್ಟ ಸಂದಿ ಬರುವಾಗ ತುಂಬುತ್ತದೆ. ಮೇಲೆ ತುಂಬಿದಾಗ ಕೆಳಗೂ ತುಂಬುತ್ತದೆ. ಮುಗಿದ ಮೇಲೆ ಯಾವುದು ಮೇಲು, ಯಾವುದು ಕೆಳಗು ಅಂತ ಹೇಳಲಿಕ್ಕೆ ಬರುವುದಿಲ್ಲ. ಮುರ್ಗಿ ಕೂಡ ಇದೇ ಜಾತಿಯದು, ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿ ನಡೆಯುತ್ತದೆ, ಅಷ್ಟೇ.

ಒಂದೇ ನೇರ ಗೆರೆಯಾದರೆ ಯಾರು ಬೇಕಾದರೂ ಮಾಡುತ್ತಾರೆ. ಗೋಪುರಕ್ಕೆ ಟಿಸಿಲು ಇರುತ್ತವೆ, ಕಲಶ ಇರುತ್ತದೆ, ಒಳಗೊಂದು ಚೌಕ, ಆ ಚೌಕದೊಳಗೆ ಇನ್ನೊಂದು ಹೂವು. ಟಿಸಿಲು ಬಂದ ಕಡೆ ಒಳಗೆ ಹೊಕ್ಕು, ತುದಿ ಮುಟ್ಟಿ, ವಾಪಸು ಬಂದು, ಆಮೇಲೆ ಮುಖ್ಯ ಗೆರೆ ಹಿಡಿಯಬೇಕು. ಚೌಕವನ್ನು ಸುತ್ತಿದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಸುತ್ತಬೇಕು. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊಡೆದರೆ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತದೆ, ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಎಲ್ಲಾದರೂ ಒಂದು ತಿರುವು ತಪ್ಪಿತೋ, ಸೂಜಿ ಮುಂದೆ ಹೋಗಲಿಕ್ಕೆ ಜಿಗಿಯಲೇಬೇಕು. ಆ ಜಿಗಿತ ಮೇಲಿನ ಮಗ್ಗಲಲ್ಲಿ ಕಾಣುವುದಿಲ್ಲ, ಹಿಂದೆ ಅಡ್ಡ ಎಳೆಯಾಗಿ ಕಾಣುತ್ತದೆ.

ಗಣಿತದವರಿಗೆ ಇದು ಗೊತ್ತಿರುವ ಕಥೆ. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತಲಿಕ್ಕೆ ಬರುವುದಿಲ್ಲ ಅಂತ ತೋರಿಸಿದ. ಪ್ರತಿ ಸೇತುವೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬಹುದು ಅಂದಿದ್ದರೆ ತೊಡಕೇ ಇರುತ್ತಿರಲಿಲ್ಲ. ಬಿಡದೆ ಕೂಡಿಕೊಂಡ ಯಾವ ನಕ್ಷೆಯನ್ನಾದರೂ ಹಾಗೆ ಸುತ್ತಿ ಹೊರಟ ಜಾಗಕ್ಕೆ ಮರಳಬಹುದು. ಗವಂತಿ ಮಾಡುವುದು ಅದನ್ನೇ. ದಾರಿ ಯಾವಾಗಲೂ ಇದೆ, ಹುಡುಕುವುದು ಹೊಲಿಯುವವರ ತಲೆ. ಯುರೋಪಿನಲ್ಲೂ ಇದೇ ಎರಡು ನಡೆಯ ಹೊಲಿಗೆ ಇದೆ. ಅದಕ್ಕೆ ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನ್‌ನ ಹೆಸರು ಅಂಟಿಕೊಂಡಿದೆ. ಅವನು ಬರೆದ ಭಾವಚಿತ್ರಗಳಲ್ಲಿ ಕುಳಿತವರ ತೋಳಿನ ಅಂಚಿಗೆ ಆ ಕೆಲಸ ಕಾಣುತ್ತದೆ ಅಂತ. ನೋಡ್ರಿ, ಅಲ್ಲಿ ಹೊಲಿಗೆಗೆ ಅದನ್ನು ಚಿತ್ರದಲ್ಲಿ ಬರೆದವನ ಹೆಸರು ಬಂತು, ಹೊಲಿದವಳ ಹೆಸರು ಬರಲಿಲ್ಲ. ನಮ್ಮಲ್ಲಿ ಯಾರ ಹೆಸರೂ ಇಲ್ಲ. ಮೆಂತೆಕಾಳಿನ ಹೆಸರಿದೆ, ನೇಯ್ಗೆಯ ಹೆಸರಿದೆ. ಅದೇ ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ.

ಈಗ ‘ತಿರುವಿ ತೋರಸು’ ಅನ್ನುವ ಮಾತಿನ ತೂಕ ತಿಳಿಯುತ್ತದೆ. ಮೇಲಿನ ಮಗ್ಗಲು ಫಲ ತೋರಿಸುತ್ತದೆ, ಹಿಂದಿನ ಮಗ್ಗಲು ದಾರಿ ತೋರಿಸುತ್ತದೆ. ಹೊಲಿಯುವಾಗ ಎಲ್ಲಿ ಯೋಚನೆ ಮಾಡಿದಿ, ಎಲ್ಲಿ ಅವಸರ ಮಾಡಿದಿ, ಎಲ್ಲಿ ನೂಲು ಮುಗಿದು ಹೊಸದು ಸೇರಿಸಿದಿ, ಎಲ್ಲಾ ಅಲ್ಲಿ ಬರೆದಿಟ್ಟಿದೆ. ಅದನ್ನು ಓದಬಲ್ಲವರು ‘ಇಲ್ಲಿ ಕಲಶದ ಹತ್ರ ದಾರಿ ತಪ್ಪೇದ ನೋಡು, ಮೊದ್ಲ ಎಡಗಡೆ ಟಿಸಿಲು ಮುಗಿಸಿ ಬಂದಿದ್ರ ಜಿಗೀಬೇಕಾಗ್ತಿದ್ದಿಲ್ಲ’ ಅನ್ನುತ್ತಾರೆ. ಈ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಿ. ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದೆ. ತಪ್ಪಿಗೆ ಕಾರಣ ಹೇಳಿದೆ. ಬೇರೆ ದಾರಿ ಸೂಚಿಸಿದೆ. ಹೊಲಿದವಳ ಬಗ್ಗೆ ಒಂದು ಮಾತೂ ಆಡಿಲ್ಲ. ನಮ್ಮ ಎಷ್ಟು ಪುಸ್ತಕ ವಿಮರ್ಶೆಗಳು ಈ ನಾಲ್ಕು ಕೆಲಸವನ್ನು ಒಂದು ವಾಕ್ಯದಲ್ಲಿ ಮಾಡುತ್ತವೆ?

ಇನ್ನೊಂದು ಸಂಗತಿ ಹೇಳಬೇಕು. ‘ಕಸೂತಿ ಅಂದರೆ ಎರಡೂ ಮಗ್ಗಲು ಒಂದೇ’ ಅಂತ ಮಾರಾಟದ ಚೀಟಿಗಳಲ್ಲಿ, ಪ್ರವಾಸಿಗರ ಕೈಪಿಡಿಗಳಲ್ಲಿ ಸಲೀಸಾಗಿ ಬರೆಯುತ್ತಾರೆ. ಕಣ್ಣು ಪಳಗಿದವರು ಹೀಗೆ ಒಟ್ಟಾರೆ ಹೇಳುವುದಿಲ್ಲ. ಗವಂತಿಗೆ, ಮುರ್ಗಿಗೆ ಅದು ಖರೆ. ನೇಗಿ ನೇಯ್ಗೆಯ ಹಾಗೆ ಉದ್ದುದ್ದ ಓಡುತ್ತದೆ. ಮೇಲೆ ನೂಲು ತೇಲಿದ ಕಡೆ ಹಿಂದೆ ಖಾಲಿ, ಹಿಂದೆ ತೇಲಿದ ಕಡೆ ಮೇಲೆ ಖಾಲಿ. ಹಾಗಾಗಿ ಹಿಂದೆ ಕಾಣುವುದು ಚಿತ್ರದ ಮಗ್ಗುಲು ಬದಲಾದ ಪಡಿಯಚ್ಚು. ಮೆಂತೆ ಕತ್ತರಿ ಹೊಲಿಗೆ, ಅದರ ಹಿಂದು ಬೇರೆಯೇ ಇರುತ್ತದೆ. ಅಂದ ಮೇಲೆ ಮೆಂತೆ ಹೊಲಿಗೆಯನ್ನು ತಿರುವಿ ನೋಡಿ ‘ಎರಡೂ ಕಡೆ ಒಂದೇ ಬಂದಿಲ್ಲ’ ಅನ್ನುವವರಿಗೆ ಕಸೂತಿ ತಿಳಿದಿಲ್ಲ. ಯಾವ ಹೊಲಿಗೆಗೆ ಯಾವ ಅಳತೆಗೋಲು ಅನ್ನುವುದೇ ವಿಮರ್ಶೆಯ ಮೊದಲ ಪಾಠ. ಸಣ್ಣ ಕಥೆಗೆ ಕಾದಂಬರಿಯ ಗಜಕಡ್ಡಿ ಹಿಡಿಯುವವರಿಗೂ ಈ ಪಾಠ ಬೇಕಾಗುತ್ತದೆ.

ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕು ಸಾಕಷ್ಟು ವರ್ಷವಾಯಿತು. ಅದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಒಳ್ಳೆಯದೇ. ಮಾರುಕಟ್ಟೆಯಲ್ಲಿ ಅಚ್ಚು ಹೊಡೆದ ‘ಕಸೂತಿ’, ಯಂತ್ರದಲ್ಲಿ ಹೊಡೆದ ‘ಕಸೂತಿ’ ಎರಡೂ ಸಿಗುತ್ತವೆ. ಅಸಲಿ ಯಾವುದು ಅಂತ ಕಾನೂನು ಹೇಳಬೇಕಾಗುತ್ತದೆ. ಆದರೆ ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ಪಡಸಾಲೆಯ ವಿಮರ್ಶೆ ಈ ಕೆಲಸ ಮಾಡುತ್ತಿತ್ತು. ಯಂತ್ರದ ಹೊಲಿಗೆಯನ್ನು ತಿರುವಿದರೆ ಕೆಳಗಿನ ರೀಲಿನ ನೂಲು ಬೇರೆಯಾಗಿ ಕಂಡೇ ಕಾಣುತ್ತದೆ. ಮುದ್ರೆ ಬೇಕಾಗಿಲ್ಲ, ಮಣಿಕಟ್ಟು ತಿರುವಿದರೆ ಸಾಕು. ನೋಡುವ ಕಣ್ಣು ಊರಲ್ಲಿ ಉಳಿದಿದ್ದರೆ ಮಾತ್ರ ಮುದ್ರೆಗೂ ಅರ್ಥ. ಕಣ್ಣು ಹೋದ ಮೇಲೆ ಮುದ್ರೆ ಬರೀ ಚೀಟಿ.

ಈಗ ಅಡುಗೆಮನೆಗೆ ಬರೋಣ. ಸಂಕ್ರಾಂತಿ ಹತ್ತಿರ ಬಂದಾಗ ಮಾಡುವ ಕುಸುರೆಳ್ಳು ನಮ್ಮ ಕಡೆಯ ಹವ್ಯಾಸಿಗಳ ಪರೀಕ್ಷೆ. ಅಂಗಡಿಯಲ್ಲಿ ಪಾವು ಕಿಲೋದ ಪುಡಿಕೆ ಸಿಗುತ್ತದೆ, ಮನೆಯಲ್ಲಿ ಮಾಡುವ ಜರೂರಿಯೇನೂ ಇಲ್ಲ. ಆದರೂ ಮಾಡುತ್ತಾರೆ. ಜರೂರಿ ಇಲ್ಲದೆ ಮಾಡುವುದಕ್ಕೇ ಅಲ್ಲವೇ ಹವ್ಯಾಸ ಅನ್ನುವುದು.

ಎಳ್ಳು ತೊಳೆದು, ಸಿಪ್ಪೆ ತೆಗೆದು, ಒಣಗಿಸಿ, ಅಗಲವಾದ ಪರಾತದಲ್ಲಿ ಹಾಕುತ್ತಾರೆ. ಕೆಳಗೆ ಸಣ್ಣ ಕೆಂಡ, ಇಲ್ಲವೇ ಸಣ್ಣ ಉರಿ. ಸಕ್ಕರೆಯ ತೆಳು ಪಾಕಕ್ಕೆ ಸ್ವಲ್ಪ ಹಾಲು ಬಿಟ್ಟು ಹೊಲಸು ತೆಗೆದಿರುತ್ತಾರೆ. ಆ ಪಾಕವನ್ನು ಒಂದು ಚಮಚೆ ಬಿಡುವುದು, ಬೆರಳಿಂದ ಮೆಲ್ಲಗೆ ಆಡಿಸುವುದು, ಒಣಗುವ ತನಕ ಕಾಯುವುದು, ಮತ್ತೊಂದು ಚಮಚೆ. ಹೀಗೆ ದಿನಗಟ್ಟಲೆ. ಮೊದಲ ದಿನ ಎಳ್ಳಿಗೆ ಬರೀ ಬಿಳಿ ಪುಡಿ ಹತ್ತಿದಂತೆ ಕಾಣುತ್ತದೆ. ಬರುಬರುತ್ತ ಪ್ರತಿ ಕಾಳಿನ ಮೈಮೇಲೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಮುಳ್ಳೇ ಕುಸುರೆಳ್ಳಿನ ಒಡವೆ. ಆ ಕುಸುರೆಳ್ಳನ್ನೇ ದಾರದಲ್ಲಿ ಪೋಣಿಸಿ ಎಳೆ ಮಕ್ಕಳಿಗೆ, ಹೊಸ ಮದುಮಗಳಿಗೆ ನಿಜವಾದ ಒಡವೆ ಕೂಡ ಮಾಡಿ ಹಾಕುತ್ತಾರೆ.

ಕೆಡುವ ದಾರಿ ಬಹಳ. ಪಾಕ ಗಟ್ಟಿಯಾದರೆ ಕಾಳಿಗೆ ಕಾಳು ಅಂಟಿ ಗಂಟಾಗುತ್ತವೆ. ಒಮ್ಮೆಗೇ ಹೆಚ್ಚು ಬಿಟ್ಟರೆ ಮೊದಲು ಬಂದ ಮುಳ್ಳೂ ಕರಗಿ ಮೈ ನುಣ್ಣಗಾಗುತ್ತದೆ. ಉರಿ ಏರಿದರೆ ಬಣ್ಣ ಕಂದುತ್ತದೆ. ಜೋರಾಗಿ ಆಡಿಸಿದರೆ ಮುಳ್ಳು ಮುರಿದು ಪರಾತದ ತಳಕ್ಕೆ ಪುಡಿಯಾಗುತ್ತವೆ. ಚಳಿಗಾಲದ ಒಣ ಹವೆಯಲ್ಲಿ ಬೆಳಗಿನ ಹೊತ್ತು ಇದನ್ನು ಮಾಡುವುದಕ್ಕೆ ಕಾರಣ ಇದೆ. ನೀರು ಬೇಗ ಆರಿದಷ್ಟೂ ಹರಳು ಛಲೋ ಕೂಡುತ್ತದೆ. ಜಪಾನಿನಲ್ಲಿ ಇದರ ದೂರದ ಬಂಧು ಒಂದಿದೆ, ಹೆಸರು ಕೊಂಪೆಯಿತೊ. ಪೋರ್ಚುಗೀಸರ ಜೊತೆ ಹೋದ ಮಿಠಾಯಿ ಅದು. 1569ರಲ್ಲಿ ಪಾದ್ರಿ ಲೂಯಿಸ್ ಫ್ರೋಯಿಸ್ ಅದನ್ನು ಅಲ್ಲಿನ ದಂಡನಾಯಕ ಓದಾ ನೊಬುನಾಗನಿಗೆ ಕಾಣಿಕೆ ಕೊಟ್ಟದ್ದು ದಾಖಲಾಗಿದೆ. ತಿರುಗುವ ದೊಡ್ಡ ಬಾಣಲೆಯಲ್ಲಿ ಪಾಕ ಬಿಟ್ಟು ಬಿಟ್ಟು ಎರಡು ವಾರ ಮಾಡುತ್ತಾರೆ. ಅದಕ್ಕೂ ಕೊಂಬು ಏಳುತ್ತವೆ. ತೆರಾದಾ ತೊರಾಹಿಕೊ ಎಂಬ ಭೌತವಿಜ್ಞಾನಿ ಆ ಕೊಂಬು ಯಾಕೆ ಏಳುತ್ತವೆ ಅಂತ ಒಂದು ಪ್ರಬಂಧವನ್ನೇ ಬರೆದ. ನಮ್ಮ ಕುಸುರೆಳ್ಳಿನ ಮುಳ್ಳಿನ ಮೇಲೆ ಯಾವ ಪ್ರಾಧ್ಯಾಪಕರು ಬರೆದದ್ದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಸಂಕ್ರಾಂತಿಯ ಸಂಜೆ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ತಾಸು ಕೂತರೆ ಸಾಕು, ಅದರ ಮೇಲೆ ಒಂದು ವಿಚಾರಸಂಕಿರಣಕ್ಕಾಗುವಷ್ಟು ಮಾತು ಕೇಳಬಹುದು.

ಸಂಕ್ರಾಂತಿಯ ಸಂಜೆ ಅಂದರೆ ಕೊಟ್ಟು ತಗೊಳ್ಳುವ ಸಂಜೆ. ಕೈಮೇಲೆ ನಾಲ್ಕು ಕಾಳು ಕುಸುರೆಳ್ಳು ಇಟ್ಟು ‘ಎಳ್ಳು ಬೆಲ್ಲ ತಗೊಂಡು ಛಲೋ ಮಾತಾಡೂಣು’ ಅನ್ನುವುದು ವಾಡಿಕೆ. ಇಲ್ಲೊಂದು ಮಜಾ ಇದೆ. ಸಿಹಿ ಮಾತಾಡೋಣ ಅಂತ ಕೈಗೆ ಕೊಟ್ಟದ್ದನ್ನು ತಗೊಂಡವರು ಮೊದಲು ದೀಪದ ಬೆಳಕಿಗೆ ಹಿಡಿದು ನೋಡುತ್ತಾರೆ. ‘ಮುಳ್ಳು ಛಲೋ ಬಂದಾವ. ಪಾಕ ಒಂಚೂರು ಏರಿತ್ತೇನ? ಎರಡೆರಡು ಕಾಳು ಕೂಡ್ಯಾವ ನೋಡ್ರಿ.’ ‘ಹೌದ್ರಿ, ಮೂರನೇ ದಿನಾ ಯಾರೋ ಬಂದ್ರು, ಮಾತಾಡ್ಕೋತ ನಿಂತೆ.’ ‘ಹಂಗಾದ್ರ ಅದರಾಗ ಒಂಚೂರು ಬಿಸಿನೀರು ಚಿಮುಕಿಸಿ ಇಳಿಸಬೇಕಾಗಿತ್ತು.’ ಸಿಹಿ ಮಾತಿನ ಹಬ್ಬದ ದಿನವೇ ಇಷ್ಟು ನಿಖರವಾದ ಮಾತು. ಆದರೂ ಯಾರಿಗೂ ಬೇಜಾರಿಲ್ಲ. ಯಾಕೆ?

ನನಗೆ ತೋಚುವ ಕಾರಣ ಎರಡು. ಒಂದು, ಹೇಳುವವರ ಕೈಯಲ್ಲೂ ಒಂದು ಡಬ್ಬಿ ಇದೆ. ಅವರೂ ಈಗ ತಮ್ಮ ಕುಸುರೆಳ್ಳು ತೆಗೆದು ಕೊಡಲೇಬೇಕು, ಅದೂ ಬೆಳಕಿಗೆ ಬರುತ್ತದೆ. ಮಾಡುವವರೇ ನೋಡುವವರು, ನೋಡುವವರೇ ಮಾಡುವವರು. ಇನ್ನೊಂದು, ಮಾತೆಲ್ಲ ಕೆಲಸದ ಮೇಲೆ ನಿಂತಿದೆ: ಪಾಕ, ಉರಿ, ಮುಳ್ಳು, ಹವೆ. ‘ನಿಮಗ ಬರೂದಿಲ್ಲ’ ಅನ್ನುವ ಮಾತು ಅಲ್ಲಿ ಬಂದರೆ ಅದು ವಿಮರ್ಶೆಯ ಹದ್ದು ದಾಟಿತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗಲನ್ನೂ ತಿರುವಬೇಕು. ಇಲ್ಲದಿದ್ದರೆ ಈ ಲೇಖನವೇ ಬರೀ ಮೇಲಿನ ಮಗ್ಗಲು ತೋರಿಸಿದಂತಾಗುತ್ತದೆ.

ಪಡಸಾಲೆಯ ವಿಮರ್ಶೆ ಯಾವಾಗಲೂ ಸಮಾನರ ನಡುವೆ ನಡೆಯುತ್ತಿರಲಿಲ್ಲ. ಕನ್ಯೆ ನೋಡಲಿಕ್ಕೆ ಬಂದವರೂ ಹುಡುಗಿ ಹೊಲಿದ ಕುಬಸದ ಬಟ್ಟೆ ತಿರುವಿ ನೋಡುತ್ತಿದ್ದರು. ಅತ್ತೆಯ ಕಣ್ಣೂ ಸೊಸೆಯ ಕುಸುರೆಳ್ಳಿನ ಮುಳ್ಳು ಎಣಿಸುತ್ತಿತ್ತು. ಅಲ್ಲಿ ಬಟ್ಟೆಯ ಹೆಸರಿನಲ್ಲಿ ಹುಡುಗಿಯನ್ನೇ ತಿರುವಿ ನೋಡಲಾಗುತ್ತಿತ್ತು. ಒಂದು ಅಡ್ಡ ಎಳೆಗೆ ‘ತಾಯಿ ಕಲಿಸಿಲ್ಲೇನ?’ ಅನ್ನುವ ಮಾತು ಬರುತ್ತಿತ್ತು. ಇಂಥದ್ದು ಕೇಳಿ ಬೆಳೆದವರು ಸೂಜಿಯನ್ನೇ ಬಿಟ್ಟರೆ, ತಮ್ಮ ಮಕ್ಕಳಿಗೆ ‘ಏನು ಮಾಡಿದರೂ ಛಲೋ’ ಅಂದರೆ, ತಪ್ಪು ಅವರದಲ್ಲ. ಇಂದಿನ ನಮ್ಮ ಸಾರಾಸಗಟು ಹೊಗಳಿಕೆಯ ಹಿಂದೆ ಆ ನೋವಿನ ನೆನಪೂ ಇದೆ ಅಂತ ನನಗೆ ಅನಿಸುತ್ತದೆ. ಹಾಗಾಗಿ ‘ಹಳೆಯ ಕಾಲದಲ್ಲಿ ಎಲ್ಲಾ ಛಲೋ ಇತ್ತು’ ಅನ್ನುವ ರಾಗ ಇಲ್ಲಿ ನಡೆಯುವುದಿಲ್ಲ.

ಮತ್ತೆ, ಯಾರ ಪಡಸಾಲೆ ಅನ್ನುವ ಪ್ರಶ್ನೆ. ಕಸೂತಿಯ ಬಗ್ಗೆ ಬರೆದವರು ಎಷ್ಟೋ ಮಂದಿ. ಕೌದಿಯ ಬಗ್ಗೆ ಬರೆದವರು ಕಡಿಮೆ. ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಕೌದಿ ಇದೆ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ ಪದರು ಪದರಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ದಾರ ಓಡಿಸಿ ಹೊಲಿದದ್ದು. ಅದನ್ನು ತಿರುವಿ ನೋಡಿದರೆ ಸಾಲದು. ಕೌದಿಗೆ ಬೇರೆ ಅಳತೆಗೋಲು ಇದೆ: ಮೈಮೇಲೆ ಹೊದ್ದಾಗ ಭಾರ ಎಷ್ಟು, ಒಳಗಿನ ಪದರು ಒಂದೇ ಕಡೆ ಮುದ್ದೆಯಾಗದಂತೆ ಹೊಲಿಗೆಯ ಸಾಲು ಹಿಡಿದಿವೆಯೇ, ಒಗೆದ ಮೇಲೆ ಆಕಾರ ಉಳಿಯಿತೇ, ಅಂಚು ಎಷ್ಟು ವರ್ಷ ಬಾಳಿತು. ‘ಈ ಕೌದಿ ಹೊದ್ರ ಬೆಚ್ಚಗ, ಹಾಸಿದ್ರ ಮೆತ್ತಗ’ ಅನ್ನುವುದು ಹೊಗಳಿಕೆಯ ಹಾಗೆ ಕೇಳಿದರೂ ಅದು ಎರಡು ಪರೀಕ್ಷೆಯ ಫಲಿತಾಂಶ.

ಧಾರವಾಡದಿಂದ ಒಂದು ತಾಸಿನ ದಾರಿ ಹಳಿಯಾಳ. ಅಲ್ಲಿ, ಯಲ್ಲಾಪುರ, ಮುಂಡಗೋಡಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಅನ್ನುತ್ತಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ತ್ರಿಕೋನದ ತುಂಡು ಇಡುತ್ತಾರೆ, ಅದಕ್ಕೆ ಫುಲ ಅಂತ ಹೆಸರು. ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರುವಾಲ್ ಈ ಕೆಲಸವನ್ನು ದಾಖಲು ಮಾಡಿದವರು. ಫುಲ ಇಲ್ಲದ ಕವಂದಿ ಬತ್ತಲೆ ಇದ್ದ ಹಾಗೆ ಅಂತ ಹೊಲಿಯುವವರು ಹೇಳಿದ್ದನ್ನೂ ಅವರು ಬರೆದುಕೊಂಡಿದ್ದಾರೆ. ಹೊಲಿಯುವವರೇ ಕೊಟ್ಟ ತೀರ್ಪು ಅದು. ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನ್ಯೂಯಾರ್ಕಿಗೆ ಮುಟ್ಟಿದ್ದು ಹೆಮ್ಮೆಯ ಸಂಗತಿ. ಹಳಿಯಾಳದ ಪಕ್ಕದಲ್ಲೇ ಇರುವ ನಮ್ಮ ಕಣ್ಣಿಗೆ ಅದಕ್ಕಿಂತ ಮೊದಲು ಮುಟ್ಟಲಿಲ್ಲ ಅನ್ನುವುದು ಹೆಮ್ಮೆಯದಲ್ಲ. ಗೋಡೆಗೆ ತೂಗುಹಾಕಿದ ಕೌದಿಯಲ್ಲಿ ಬಣ್ಣ ಕಾಣುತ್ತದೆ. ಭಾರ, ಬೆಚ್ಚಗು, ಮೆತ್ತಗು ಯಾವುದೂ ಕಾಣುವುದಿಲ್ಲ. ಅದನ್ನು ಬಲ್ಲವರು ಹೊದ್ದವರು ಮತ್ತು ಹೊಲಿದವರು. ಅವರನ್ನು ಕೇಳದೆ ಬರೆದ ಕೌದಿಯ ವಿಮರ್ಶೆ ಅರ್ಧ ವಿಮರ್ಶೆ.

ಈ ಊರಿಗೆ ವಿಮರ್ಶೆ ಹೊಸದಲ್ಲ. 1922ರಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿನಲ್ಲಿ ಶಂ.ಬಾ. ಜೋಶಿ, ಆನಂದಕಂದ, ಗೋಕಾಕ, ಮುಗಳಿ ಮುಂತಾದವರಿದ್ದರು. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ತೋರಿಸುವುದು ಆ ಗೆಳೆತನದ ಜೀವ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಸುಭಾಸ ರಸ್ತೆಯ ಅದರ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರಂಥವರ ಮುಂದೆ ಹಸ್ತಪ್ರತಿಗಳು ಬಿಚ್ಚಿಕೊಂಡವು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಈ ಮಾಲೆಯಿಂದಲೇ. ಕಾರ್ನಾಡರು ‘ಆಡಾಡತ ಆಯುಷ್ಯ’ದಲ್ಲಿ ಆ ಅಟ್ಟವನ್ನು ನೆನೆದಿದ್ದಾರೆ. ಅಲ್ಲಿ ಆಗುತ್ತಿದ್ದದ್ದೂ ಮೂಲದಲ್ಲಿ ಇದೇ: ತಾನು ಮಾಡಿದ್ದನ್ನು ಅದೇ ಕಸುಬಿನವರ ಮುಂದೆ ಇಡುವುದು, ಅವರು ಅದನ್ನು ತಿರುವಿ ನೋಡುವುದು.

ವ್ಯತ್ಯಾಸ ಎಲ್ಲಿ ಅಂದರೆ, ಅಟ್ಟದ ಮಾತು ಪುಸ್ತಕ ಸೇರಿತು, ಕಟ್ಟೆಯ ಮಾತು ಗಾಳಿ ಸೇರಿತು. ಅಟ್ಟಕ್ಕೆ ಹೋದವರು ಆತ್ಮಕಥೆ ಬರೆದರು. ಕಟ್ಟೆಯ ಮೇಲೆ ಕೂತವರಿಗೆ ಕುಸುರೆಳ್ಳು ಮುಗಿದ ಮೇಲೆ ಸಂಜೆಯ ಅಡುಗೆ ಇತ್ತು. ಅಟ್ಟದ ಶಬ್ದಗಳು, ಅಂದರೆ ಲಯ, ಬಂಧ, ಧ್ವನಿ ಎಂಬಂಥವು, ನಮಗೆ ಪಠ್ಯಪುಸ್ತಕದಿಂದ ಬಂದವು. ಕಟ್ಟೆಯ ಶಬ್ದಗಳು, ಅಂದರೆ ಗವಂತಿಯ ದಾರಿ, ಪಾಕದ ಎಳೆ, ಮುಳ್ಳು, ಫುಲ, ಇವು ಒಬ್ಬೊಬ್ಬ ಅಜ್ಜಿ ಹೋದಾಗ ಒಂದೊಂದು ಹೋಗುತ್ತವೆ. ಶಬ್ದ ಹೋದರೆ ಏನು ಮಹಾ, ಕೆಲಸ ಉಳಿದರೆ ಸಾಲದೇ ಅನ್ನಬಹುದು. ಸಾಲುವುದಿಲ್ಲ. ಹೊಸದಾಗಿ ಕಲಿಯುವ ಹುಡುಗಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನೂಲು ಸಿಗುತ್ತದೆ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಸಿಗುತ್ತದೆ, ನಕ್ಷೆಯ ಪುಸ್ತಕ ಸಿಗುತ್ತದೆ. ‘ಇಲ್ಲಿ ಯಾಕ ಜಿಗದಿ?’ ಅಂತ ಕೇಳುವವರು ಸಿಗದಿದ್ದರೆ ಅವಳು ಹತ್ತು ವರ್ಷ ಹೊಲಿದರೂ ಜಿಗಿಯುತ್ತಲೇ ಇರುತ್ತಾಳೆ. ಅವಳ ಮೇಲಿನ ಮಗ್ಗಲಿಗೆ ‘ಛಲೋ ಆಗೇದ’ ಬೀಳುತ್ತಲೇ ಇರುತ್ತದೆ.

ಈಗ ಮಾಡುವವರು ಕಡಿಮೆಯಾಗಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಸಾಫ್ಟ್‌ವೇರ್ ಕೆಲಸದ ಹುಡುಗರು ಸೂಜಿ ಹಿಡಿಯುತ್ತಾರೆ, ನಿವೃತ್ತ ಗುಮಾಸ್ತರು ಮಾಳಿಗೆಯ ಮೇಲೆ ಡಬ್ಬಿಗಳಲ್ಲಿ ಮೂಲಂಗಿ ಬೆಳೆಯುತ್ತಾರೆ, ಯಾರೋ ಹಳೆ ರೇಡಿಯೊ ಬಿಚ್ಚಿ ಕೂಡಿಸುತ್ತಾರೆ. ಗಂಡಸರು ಕುಸುರೆಳ್ಳು ಆಡಿಸುವುದನ್ನೂ ನೋಡಿದ್ದೇನೆ. ತೋರಿಸುವ ಉಮೇದೂ ಹೆಚ್ಚಾಗಿದೆ. ಕಡಿಮೆಯಾದದ್ದು ನೋಡುವ ತಾಳ್ಮೆ. ಫೋನಿನ ಚಿತ್ರದಲ್ಲಿ ಮೇಲಿನ ಮಗ್ಗಲು ಮಾತ್ರ ಬರುತ್ತದೆ. ಸ್ಪರ್ಧೆಗಳಲ್ಲಿ ನಿರ್ಣಾಯಕರು ಅಂಕ ಹಾಕಿ ಬಹುಮಾನ ಘೋಷಿಸಿ ಹೋಗುತ್ತಾರೆ. ಯಾಕೆ ಮೊದಲನೆಯದು ಮೊದಲನೆಯದಾಯಿತು ಅಂತ ಎರಡನೆಯವರಿಗೆ ಯಾರೂ ಹೇಳುವುದಿಲ್ಲ. ಒಂದು ಕಡೆ ಕಾರಣವಿಲ್ಲದ ಹೊಗಳಿಕೆ, ಇನ್ನೊಂದು ಕಡೆ ಕಾರಣವಿಲ್ಲದ ಬಹುಮಾನ. ನಡುವೆ ಕಲಿಯುವವರು ನಿಂತಿದ್ದಾರೆ.

‘ಛಲೋ ಆಗೇದ’ ಅನ್ನುವುದೇ ಸರಿಯಾದ ಉತ್ತರವಾಗುವ ಸಂದರ್ಭವೂ ಉಂಟು. ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮಗು ಎರಿ ಮಣ್ಣು ಕಲಸಿ ಮೊದಲ ಸಲ ಒಂದು ಜೋಡಿ ಎತ್ತು ಮಾಡುತ್ತದೆ. ಒಂದರ ಕಿವಿ ದೊಡ್ಡದು, ಇನ್ನೊಂದು ಎತ್ತೋ ಆಮೆಯೋ ತಿಳಿಯದು. ಅದಕ್ಕೆ ಅಳತೆಗೋಲು ಹಿಡಿಯುವವರು ಮನುಷ್ಯರಲ್ಲ. ಅಲ್ಲದೆ ಎರಿ ಮಣ್ಣು ತಾನೇ ವಿಮರ್ಶಕ. ಒಣಗುವಾಗ ಅದು ಬಹಳ ಕುಗ್ಗುತ್ತದೆ, ಬಿರಿಯುತ್ತದೆ. ತೆಳು ಕಾಲಿನ ಎತ್ತು ಎರಡನೆಯ ದಿನ ಮೂಗಡಿ ಬೀಳುತ್ತದೆ. ಮುಂದಿನ ವರ್ಷ ಮಗು ಯಾರೂ ಹೇಳದೆ ಕಾಲು ದಪ್ಪ ಮಾಡುತ್ತದೆ. ಆಗ ಮಗು ತಾನೇ ‘ನೋಡು, ಈ ಸಲ ಕಾಲು ದಪ್ಪ ಮಾಡೇನಿ’ ಅನ್ನುತ್ತದೆ. ಆ ಕ್ಷಣದಿಂದ ಅದು ಹವ್ಯಾಸಿಗಳ ಸಾಲಿಗೆ ಸೇರಿತು. ಇನ್ನು ಅದಕ್ಕೆ ನಿಜವಾದ ಮಾತು ಬೇಕು, ಹೊಗಳಿಕೆ ಸಾಲದು.

ದೊಡ್ಡವರಿಗೆ ಎಂಥ ಮಾತು ಬೇಕು? ಪಡಸಾಲೆಯ ವಿಮರ್ಶೆಯಿಂದ ಅತ್ತೆಯ ಕಣ್ಣನ್ನು ತೆಗೆದುಹಾಕಿ, ನೋಡುವ ಕಣ್ಣನ್ನು ಉಳಿಸಿಕೊಂಡರೆ ಮೂರು ಪ್ರಶ್ನೆ ಉಳಿಯುತ್ತವೆ. ‘ತಿರುವಿ ತೋರಸ್ರಿ’ ಅನ್ನುವುದು ಒಂದು. ಹಿಂದಿನ ಮಗ್ಗಲು, ಒಳಗಿನ ಪದರು, ಡಬ್ಬಿಯ ತಳದ ಬೇರು, ಯಾವುದಕ್ಕೆ ಯಾವುದೋ ಅದು. ‘ಎಲ್ಲಿ ತ್ರಾಸಾತು?’ ಅನ್ನುವುದು ಎರಡನೆಯದು. ಮಾಡಿದವರು ಯಾರಾದರೂ ಈ ಪ್ರಶ್ನೆಗೆ ಹತ್ತು ನಿಮಿಷ ಮಾತಾಡುತ್ತಾರೆ, ಮುಖವೂ ಅರಳುತ್ತದೆ. ‘ಇನ್ನೊಮ್ಮೆ ಮಾಡಿದ್ರ ಏನು ಬದಲಿ ಮಾಡ್ತೀರಿ?’ ಅನ್ನುವುದು ಮೂರನೆಯದು. ಇದರಲ್ಲಿ ತೀರ್ಪು ಕೊಡುವ ಅಧಿಕಾರ ಮಾಡಿದವರ ಕೈಯಲ್ಲೇ ಇರುತ್ತದೆ. ಈ ಮೂರು ಕೇಳಿದ ಮೇಲೆ ನಮ್ಮ ಅಭಿಪ್ರಾಯ ಹೇಳಬಹುದು. ಅಷ್ಟರಲ್ಲಿ ಹೇಳುವ ಹಕ್ಕು ಕೂಡ ಸ್ವಲ್ಪ ಬಂದಿರುತ್ತದೆ.

ತೋರಿಸುವವರಿಗೂ ಒಂದು ಹೊಣೆ ಇದೆ. ಮುಗಿದದ್ದನ್ನು ಮಾತ್ರ ತೋರಿಸಬೇಡಿ. ಅರ್ಧ ಆದದ್ದನ್ನೂ ತನ್ನಿ, ಗಂಟಾದ ಕುಸುರೆಳ್ಳನ್ನೂ ಒಂದು ಚಿಟಿಕೆ ಎತ್ತಿಡಿ. ಎಷ್ಟು ಎಳ್ಳಿಗೆ ಎಷ್ಟು ಸಕ್ಕರೆ ಅಂತ ಹೇಳಿ. ‘ಅಂದಾಜು ಹಾಕಿದೆ’ ಅಂತ ಗುಟ್ಟು ಮಾಡಬೇಡಿ. ಹೊಲಿದದ್ದರ ಚಿತ್ರ ಕಳಿಸುವಾಗ ಎರಡು ಕಳಿಸಿ, ಎರಡನೆಯದು ಹಿಂದಿನ ಮಗ್ಗಲಿನದು. ಮೊದಮೊದಲು ನೋಡುವವರಿಗೆ ವಿಚಿತ್ರ ಅನಿಸಬಹುದು. ನಾಲ್ಕು ಸಲ ನೋಡಿದ ಮೇಲೆ ಅವರೇ ಕೇಳುತ್ತಾರೆ.

ಮುಂದಿನ ಸಂಕ್ರಾಂತಿಗೆ ಯಾರಾದರೂ ನಿಮ್ಮ ಅಂಗೈ ಮೇಲೆ ಮನೆಯಲ್ಲೇ ಮಾಡಿದ ನಾಲ್ಕು ಕಾಳು ಕುಸುರೆಳ್ಳು ಇಟ್ಟರೆ, ಬಾಯಿಗೆ ಹಾಕಿಕೊಳ್ಳುವ ಮೊದಲು ಒಮ್ಮೆ ಬೆಳಕಿಗೆ ಹಿಡಿಯಿರಿ. ಮುಳ್ಳು ಎಷ್ಟುದ್ದ ಬಂದಿವೆ, ಕಾಳು ಬಿಡಿಬಿಡಿ ಇವೆಯೇ, ಬಣ್ಣ ಹೇಗಿದೆ ಅಂತ ನೋಡಿ, ಕಂಡದ್ದನ್ನು ಹೇಳಿ. ಕೊಟ್ಟವರಿಗೆ ಅದಕ್ಕಿಂತ ಸಿಹಿ ಮಾತು ಬೇರೆ ಇಲ್ಲ.